ವಾರ್ಡಿಗೆ ಬೇಡವಾದ ದೇವಕಿ ಸಿಸ್ಟರ್

ಬೆಳಗಿನ ಆರು ಗಂಟೆ. ದಕ್ಷಿಣ ದೆಹಲಿಯ ಖಾಸಗಿ ಆಸ್ಪತ್ರೆಯೊಂದರ ಐಸಿಯು. ದೇವಕಿ ಸಿಸ್ಟರ್ ನರ್ಸುಗಳ ಕೋಣೆಯ ಫ್ರಿಜ್ ತೆರೆದು ನಿಂತಿದ್ದಾರೆ. ಒಳಗೆ ಯಾರದೋ ಮೊಸರಿನ ಡಬ್ಬಿಯ ಪಕ್ಕದಲ್ಲಿ ಬ್ಯಾಕ್ಟೀರಿಯಾ ಪರೀಕ್ಷೆಗೆ ಲ್ಯಾಬಿಗೆ ಹೋಗಬೇಕಿದ್ದ ರೋಗಿಯೊಬ್ಬರ ರಕ್ತದ ಬಾಟಲಿ ತಣ್ಣಗೆ ಕೂತಿದೆ.

"ಯಾರಪ್ಪಾ ಇದನ್ನ ಇಲ್ಲಿಟ್ಟಿದ್ದು?" ಮಾತು ಮೊದಲು ಕನ್ನಡದಲ್ಲೇ ಬಂದುಬಿಡುತ್ತದೆ. ಆಮೇಲೆ ಹಿಂದಿಯಲ್ಲಿ. ಯಾರೂ ತಲೆ ಎತ್ತುವುದಿಲ್ಲ. "ಬ್ಯಾಕ್ಟೀರಿಯಾ ಬೆಳೆದ್ರೆ ತಾನೇ ಅದು ಯಾವ ಔಷಧಿಗೆ ಸಾಯತ್ತೆ ಅಂತ ನೋಡೋದು? ಫ್ರಿಜ್ಜಲ್ಲಿಟ್ರೆ ಬೆಳೆಯೋದು ಹೇಗೆ? ಎಷ್ಟು ಸಲ ಹೇಳೋದು!" ಎಂದು, ಅವರ ಬಗ್ಗೆ ಬರೆಯಲು ಬಂದಿರುವ ನನ್ನತ್ತ ತಿರುಗಿ ಕೇಳುತ್ತಾರೆ, ಬಾಟಲಿ ಇಟ್ಟವನು ನಾನೇ ಎಂಬಂತೆ.

ದೇವಕಿ ಈ ಆಸ್ಪತ್ರೆಯ ಸೋಂಕು ನಿಯಂತ್ರಣ ನರ್ಸ್. ಯಾವ ರೋಗಿಗೆ ಯಾವ ಬ್ಯಾಕ್ಟೀರಿಯಾ ಹತ್ತಿದೆ, ಅದು ಯಾವ ಆ್ಯಂಟಿಬಯೋಟಿಕ್‌ಗೆ ಬಗ್ಗುತ್ತಿಲ್ಲ ಎಂದು ದಿನವೂ ಗಮನಿಸಿ ವೈದ್ಯರಿಗೆ ತಿಳಿಸುವುದು ಅವರ ಕೆಲಸ. ಇಂಜೆಕ್ಷನ್ ಕೊಡುವುದಿಲ್ಲ, ಗಾಯಕ್ಕೆ ಪಟ್ಟಿ ಕಟ್ಟುವುದಿಲ್ಲ. ಹೀಗಾಗಿ ರೋಗಿಗಳಿಗೆ ಅವರ ಮುಖ ನೆನಪಿರುವುದಿಲ್ಲ. ವಾರ್ಡಿನವರಿಗೆ ಚೆನ್ನಾಗಿ ನೆನಪಿದೆ. ಕೈ ತೊಳೆದಿರಾ, ಗ್ಲೌಸ್ ಬದಲಿಸಿದಿರಾ, ಔಷಧಿ ಶುರು ಮಾಡುವ ಮುಂಚೆ ರಕ್ತ ತೆಗೆದಿರಾ ಎಂದು ಪೀಡಿಸುವವರು ಇವರೇ.

ಹಾಸನದಲ್ಲಿ ನರ್ಸಿಂಗ್ ಓದಿ, ಮದುವೆಯಾಗಿ ದೆಹಲಿಗೆ ಬಂದವರು ದೇವಕಿ. ಪತಿ ಜಗನ್ನಾಥ ಕೇಂದ್ರ ಸರ್ಕಾರದ ಅಧಿಕಾರಿ; ಆರ್.ಕೆ.ಪುರಂ ಕ್ವಾರ್ಟರ್ಸಿನಲ್ಲಿ ಮನೆ. ಅಲ್ಲಾದರೂ ನೆಮ್ಮದಿಯೇ? "ಒಂದು ನೆಗಡಿ ಬಂದ್ರೆ ಸಾಕು, ನಮ್ಮನೆಯವರು ಮೆಡಿಕಲ್ ಶಾಪಿಗೆ ಹೋಗಿ 'ಭಯ್ಯಾ, ಸ್ಟ್ರಾಂಗ್ ವಾಲಾ ದೇ ದೋ' ಅಂತ ಆ್ಯಂಟಿಬಯೋಟಿಕ್ ತರ್ತಾರೆ. ಎರಡು ದಿನ ನುಂಗಿ ಬಿಟ್ಬಿಡ್ತಾರೆ. ಹೀಗೆ ಅರ್ಧಕ್ಕೆ ಬಿಟ್ರೆ ತಾನೇ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದೇ ಇರೋದು? ನಾನು ಊರಿಗೆಲ್ಲ ಬುದ್ಧಿ ಹೇಳ್ಕೊಂಡು ತಿರುಗೋದು!"

ಕಳೆದ ಚಳಿಗಾಲದಲ್ಲಿ ಚರಣ್ ಎಂಬ ವಿದ್ಯಾರ್ಥಿ ಇಲ್ಲಿ ದಾಖಲಾಗಿದ್ದ. ದಾವಣಗೆರೆಯ ಹುಡುಗ, ಮುನಿರ್ಕಾದಲ್ಲಿ ರೂಮು. ಅಪೆಂಡಿಕ್ಸ್ ಒಡೆದು ಆಪರೇಷನ್ ಆದ ಮೇಲೆ ಜ್ವರ ಇಳಿಯಲೇ ಇಲ್ಲ. ಡ್ರಿಪ್ಪಿನಲ್ಲಿ ಹೋಗುತ್ತಿದ್ದ ಔಷಧಿಗೆ ಅವನ ಬ್ಯಾಕ್ಟೀರಿಯಾ ಬಗ್ಗುವುದಿಲ್ಲ ಎಂದು ಲ್ಯಾಬಿನ ಡಾ. ಅಮೂಲ್ಯ ಕಂಪ್ಯೂಟರಿನಲ್ಲಿ ವರದಿ ಹಾಕಿದರು. ಅದನ್ನು ಯಾರೂ ತೆರೆದು ನೋಡಲಿಲ್ಲ. ಅಮೂಲ್ಯ ದೇವಕಿಗೆ ಫೋನ್ ಮಾಡಿದರು. ದೇವಕಿ ಸರ್ಜನ್‌ಗೆ ಮಾಡಿದರು, ಅವರು ಆಪರೇಷನ್ನಿನಲ್ಲಿದ್ದರು. ಸರ್ ಹೇಳದೆ ತಾನೇನೂ ಬದಲಿಸಲಾರೆ ಎಂದ ವಾರ್ಡಿನ ಕಿರಿಯ ವೈದ್ಯ.

ಮಧ್ಯಾಹ್ನವೆಲ್ಲ ದೇವಕಿ ಆಪರೇಷನ್ ಥಿಯೇಟರಿನ ಹೊರಗೆ ಕಾದರು. ಹೊರಬಂದ ಸರ್ಜನ್, "ನಾಳೆ ರೌಂಡ್ಸಿನಲ್ಲಿ ನೋಡೋಣ ಸಿಸ್ಟರ್" ಎಂದರು.

"ನಾಳೆವರೆಗೂ ಆ ಹುಡುಗ ಇರ್ತಾನಾ ಸರ್ ಅಂದ್ಬಿಟ್ಟೆ. ಅಮೂಲ್ಯ ಮೇಡಂಗೆ ಫೋನ್ ಮಾಡಿ ಸರ್ ಕೈಗೇ ಕೊಟ್ಟೆ. ಇಬ್ಬರೂ ಮಾತಾಡಿದ್ರು. ಸಂಜೆ ಔಷಧಿ ಬದಲಾಯ್ತು."

ಹೊಸ ಔಷಧಿ ಕಿಡ್ನಿಗೆ ಪೆಟ್ಟು ಕೊಟ್ಟಿತು. ವಾರಗಟ್ಟಲೆ ಹಾಸಿಗೆ ಹಿಡಿದರೂ ಚರಣ್ ಉಳಿದ. ಮನೆಗೆ ಹೊರಟ ದಿನ ತಾಯಿ ಸುಶೀಲಮ್ಮ ಸರ್ಜನ್‌ಗೆ ಪೇಡೆ ಕೊಟ್ಟು, ಬಾಗಿಲಲ್ಲಿದ್ದ ದೇವಕಿಯನ್ನು ಕೇಳಿದರು: "ಇಲ್ಲಿಗೆ ಬರೋ ಮುಂಚೆ ಇವನು ಮೆಡಿಕಲ್ ಶಾಪಿಂದ ತಂದು ತಿಂತಿದ್ದ ಆ್ಯಂಟಿಬಯೋಟಿಕ್ ಮಾತ್ರೆ ರೂಮಲ್ಲಿ ಇನ್ನೂ ಅರ್ಧ ಶೀಟ್ ಇದೆ. ಇಟ್ಕೊಳ್ಳಲಾಮ್ಮ? ಚಿಕ್ಕವನಿಗೆ ಜ್ವರ ಬಂದ್ರೆ ಆಗತ್ತೆ."

ಇದನ್ನು ಹೇಳುವಾಗ ದೇವಕಿ ಹಣೆ ಚಚ್ಚಿಕೊಳ್ಳುತ್ತಾರೆ. "ನಾನು ಯಾರ ಹತ್ರ ಅಂತ ಕೂಗಾಡಲಿ, ನೀವೇ ಹೇಳಿ?"

ಖುಷಿ ಕೊಟ್ಟಿದ್ದು ಏನೂ ಇಲ್ಲವೇ ಎಂದು ಕೇಳುತ್ತೇನೆ.

"ಚರಣ್ ಪಕ್ಕದ ಬೆಡ್ಡಲ್ಲಿ ನಜಫ್‌ಗಢದ ಒಬ್ಬ ಅಜ್ಜಿ ಇದ್ರು. ಅವರಿಗೂ ಹೊಟ್ಟೆ ಆಪರೇಷನ್. ಅವನ ಬ್ಯಾಕ್ಟೀರಿಯಾ ಅವರಿಗೆ ದಾಟಿದ್ರೆ ತಡ್ಕೊಳ್ತಿರಲಿಲ್ಲ. ಅವನನ್ನ ಬೇರೆ ರೂಮಿಗೆ ಹಾಕಿಸ್ದೆ. ಅಜ್ಜಿ ಹತ್ರ ಹೋಗೋರನ್ನೆಲ್ಲ ಕೈ ತೊಳೆಸಿಯೇ ಒಳಗೆ ಬಿಟ್ಟೆ. ದಾಟಲಿಲ್ಲ."

ಅಜ್ಜಿಗೆ ಅದು ಗೊತ್ತೇ?

"ಎಲ್ಲಿ! ಮಗಳನ್ನ ಹತ್ರ ಬರೋಕೂ ಬಿಡದೆ ಸತಾಯಿಸಿದಳು ಅಂತ ಹೋಗುವಾಗ ಬೈದ್ರು. ಲಿಫ್ಟ್ ಬರೋವರೆಗೂ ಬೈದ್ರು." ದೇವಕಿ ಗ್ಲೌಸ್ ಕಳಚಿ ಕಸದ ಡಬ್ಬಿಗೆ ಹಾಕುತ್ತಾರೆ. "ವ್ಹೀಲ್‌ಚೇರ್ ಬೇಡ ಅಂದ್ರು. ನಡ್ಕೊಂಡೇ ಹೋದ್ರು."