ಗಾಲಿ ಇಲ್ಲದ ನೌಕೆ

ಗೊಬ್ಬೂರದಾಗ ಹುಡುಗರಿಗೆ ವಿಜ್ಞಾನ ಕಲಿಸೋ ಧಮ್ಮಪಾಲ ಮಾಸ್ತರ್ ಅಂದ್ರ ನಮ್ಮ ಮನಿಯವರು. ಒಳ್ಳೆ ಮನುಷ್ಯರೇ, ಆದ್ರ ತಲಿಯಾಗ ಒಂದೇ ಹುಳ: ಬಾಹ್ಯಾಕಾಶಕ್ಕ ಮಂದಿನ ಒಯ್ದು, ತಿರುಗಿ ತಂದು, ಮತ್ತ ಹೋಗೋ ನೌಕೆ. ಊಟಕ್ಕ ಕುಂತ್ರ ತುತ್ತು ಕೈಯಾಗೇ ಹಿಡ್ಕೊಂಡು, "ಪಂಚಶೀಲಾ, ಅಫಜಲಪುರಕ್ಕ ಹೋದ ಬಸ್ಸನ್ನ ಅಲ್ಲೇ ಭೀಮಾ ಹೊಳಿಗೆ ನೂಕಿ ಬರ್ತಾರೇನು? ಮತ್ತ ರಾಕೆಟ್ ಯಾಕ ಒಗೀಬೇಕು?" ಅಂತ ಕೇಳೋರು. ನಾ ರೊಟ್ಟಿ ಆರತದ, ಉಣ್ರಿ ಅಂತಿದ್ದೆ.

ಅರವತ್ತು ವರ್ಷದ ಹಿಂದ ಅಮೇರಿಕಾದವರು ಡೈನಾ-ಸೋರ್ ಅಂತ ಒಂದು ನೌಕೆ ಕಟ್ಟಾಕತ್ತಿದ್ರಂತ. ರಾಕೆಟ್ಟಿನ ತುದಿಗೆ ಕುಂತು ಮ್ಯಾಲ ಹೋಗೋದು, ರೆಕ್ಕಿ ಮ್ಯಾಲ ತೇಲ್ಕೋತ ಬಂದು ನೆಲಕ್ಕ ಇಳಿಯೋದು. ಬರೋವಾಗಿನ ಕಾವಿಗೆ ಟೈರ್ ತಡ್ಯಂಗಿಲ್ಲ ಅಂತ ಗಾಲಿನೇ ಇಟ್ಟಿರಲಿಲ್ಲ, ಜಾರೋ ಲೋಹದ ಪಟ್ಟಿ ಇಟ್ಟಿದ್ರು. ಒಮ್ಮೆನೂ ಹಾರೋದ್ರಾಗ ಅಲ್ಲಿನ ಸರ್ಕಾರ ಕೆಲಸ ನಿಲ್ಲಿಸಿಬಿಡ್ತು. ತಮ್ಮ ಸ್ವಂತ ಹೊಲಾನೇ ಕಸ್ಗೊಂಡಂಗ ಇವರಿಗೆ ಆ ಸಿಟ್ಟು ಇನ್ನೂ ಇಳಿದಿಲ್ಲ.

ಅಫಜಲಪುರದ ವಿಜ್ಞಾನ ಪ್ರದರ್ಶನದಾಗ ಪ್ರತಿ ವರ್ಷ ಇವರು ಅದರ ಚಿತ್ರ ಬರೆದು ತೋರಿಸೋರು. ಆದ್ರ ಪ್ರತಿ ವರ್ಷ ಬ್ಯಾರೆಯವರ ಜ್ವಾಲಾಮುಖಿ ಮಾದರಿನೇ ಗೆಲ್ತಿತ್ತು. ಕೆಂಪು ನೊರಿ ಉಕ್ಕೋದು, ಮಂದಿ ಚಪ್ಪಾಳೆ ಹೊಡ್ಯೋದು! ನನಗ ಮೈ ಉರೀತಿತ್ತು. "ನಿಮ್ಮದು ಹಾರತದೇನ್ರಿ ಮಾಸ್ತರ್?" ಅಂತ ತೀರ್ಪುಗಾರರು ನಕ್ರು ನೋಡ್ರಿ, ಇವರು ಹಠಕ್ಕ ಬಿದ್ರು. ಥರ್ಮಾಕೋಲ್, ಬಿದಿರುಕಡ್ಡಿಲೆ ಆ ನೌಕೆ ಮಾಡಿದ್ರು. ಪ್ರದರ್ಶನದ ಸಾಲಿ ಮಾಳಿಗಿಯಿಂದ ಬಿಟ್ರ ತೇಲಿ ಬಂದು ಮೈದಾನದಾಗ ಮೆತ್ತಗ ಇಳೀಬೇಕು. ಇಳೀತಂದ್ರ ಕಲಬುರಗಿಗೆ, ಜಿಲ್ಲಾ ಪ್ರದರ್ಶನಕ್ಕ. ಮನಿ ಮಾಳಿಗಿಯಿಂದ ಬಿಟ್ಟು ನೋಡಿದ್ವಿ, ಕೊಕ್ಕರೆ ಇಳಿದಂಗ ಇಳೀತು.

ಪ್ರದರ್ಶನಕ್ಕ ಮುಖ್ಯ ಅತಿಥಿ ದೌಲತರಾಯ ಸಾವಕಾರರು. ಅತಿಥಿ ಕೈಲೇ ಬಿಡಿಸಬೇಕು ಅಂತ ಸಂಘಟಕರ ಪಟ್ಟು. "ನಡುವ ಹಿಡೀರಿ, ಸಪಾಟ ನೂಕ್ರಿ, ಬ್ಯಾರೆ ಏನೂ ಮಾಡಬ್ಯಾಡ್ರಿ" ಅಂತ ಇವರು ಕೈ ಮುಗಿದು ಹೇಳಿ, ಕೆಳಗಿಳಿದು ಬಂದು ನೌಕೆ ಇಳಿಯೋ ಜಾಗಕ್ಕ ಎಳೆದಿದ್ದ ಸುಣ್ಣದ ಗೆರಿ ಹತ್ರ ನಿಂತ್ರು. ಸಾವಕಾರರು ಮಾಳಿಗಿ ಮ್ಯಾಲಿಂದ ಬಿಟ್ರು. ನೌಕೆ ಮೂತಿ ಮ್ಯಾಲೆತ್ತಿತು, ಒಂದು ಗಳಿಗೆ ನಿಂತಂಗಾತು, ಹಿಂದಕ್ಕ ವಾಲಿ ದಬಕ್ಕನ ಬಿತ್ತು. ರೆಕ್ಕಿ ಪುಡಿ ಪುಡಿ. ಓಡಿ ಹೋಗಿ ನೋಡ್ತೀನಿ, ಬಾಲಕ್ಕ ದಪ್ಪನ ನಿಂಬೆಹಣ್ಣು, ಹಸಿ ಮೆಣಸಿನಕಾಯಿ ಪೋಣಿಸಿ ಕಟ್ಯಾರ!

ಸಾವಕಾರರು ಏದುಸಿರು ಬಿಡ್ತ ಇಳಿದು ಬಂದ್ರು. ಕಣ್ಣಾಗ ನೀರು. ಮನಸ್ಸು ಕೆಟ್ಟದ್ದಲ್ಲ, ತೊಂದ್ರಿ ಆಗಿದ್ದೇ ಅದರಿಂದ! "ಹೊಸ ಗಾಡಿ, ಗಾಲಿ ಕೆಳಗ ನಿಂಬೆಹಣ್ಣು ಇಡೋಣಂದ್ರ ಗಾಲಿನೇ ಇಲ್ಲ. ಅದಕ್ಕ ಹಿಂದ ಕಟ್ಟಿದೆ. ಎಂಥಾ ದೃಷ್ಟಿ ಬಿದ್ದಿತ್ತು ನೋಡ್ರಿ ಮಾಸ್ತರ್, ನಿಂಬೆಹಣ್ಣು ಕಟ್ಟಿದ್ರೂ ಉಳೀಲಿಲ್ಲ!"

ತೀರ್ಪುಗಾರರು ಹೌದ್ರಿ ಹೌದ್ರಿ ಅಂತ ತಲಿ ಆಡಿಸಿದ್ರು. ಬಾಲಕ್ಕ ತೂಕ ಹೆಚ್ಚಾಗಿ ಬಿತ್ತು ಅಂತ ಹೇಳಾಕ ಇವರು ಬಾಯಿ ತೆರಿಯೋದ್ರಾಗ ಸಾವಕಾರರು ಇವರಿಗೆ ಶಾಲು ಹೊದಿಸಿದ್ರು, ಫೋಟೋನೂ ಹೊಡಿಸಿದ್ರು. ಮತ್ತೊಮ್ಮೆ ಬಿಟ್ಟು ತೋರಿಸಾಕ ರೆಕ್ಕಿ ಎಲ್ಲಿವ? ಕಲಬುರಗಿಗೆ ಜ್ವಾಲಾಮುಖಿನೇ ಹೋತು.

ತಿರುಗಿ ಬರೋವಾಗ ಬಸ್ಸಿನಾಗ ನಾ ಬಾಯಿಗೆ ಬಂದಂಗ ಬೈದೆ, ಸಾವಕಾರರಿಗೂ, ಸಂಘಟಕರಿಗೂ, ಇವರಿಗೂ. ಇವರು ಕಿಟಕಿ ಕಡೆ ಮುಖ ಮಾಡಿ ಕುಂತಿದ್ರು. ಮುಖ ಹೊರಳಿಸದೇ ಅಂದ್ರು: "ಪಂಚಶೀಲಾ, ಅದು ಹಾರತಿತ್ತು."

ಹಾರತಿತ್ತು ಅಂತ ನನಗ ಗೊತ್ತದರಿ, ನನಗೊಬ್ಬಾಕಿಗೆ ಗೊತ್ತಿದ್ರ ಏನು ಬಂತು, ಅಂತ ಬಾಯಿ ತನಕ ಬಂದಿತ್ತು. ನುಂಗಿಕೊಂಡೆ. "ಹೌದ್ರಿ," ಅಂದೆ.