ತಲೆಗೆ ಕಟ್ಟಿದ್ದ ಬಟ್ಟೆ

ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ ಅಕ್ಕನ ಮಗಳು, "ಚಿಕ್ಕಿ, ಟಿ.ವಿ. ಮಬ್ಬಾಗಿ ಕಾಣ್ತದೆ" ಅಂದಳು. ನಾನು ಎದ್ದು ಪರದೆ ಒರೆಸಿದೆ. ಗಡಿಯಾರ ಟಿ.ವಿ.ಯ ನೇರ ಮೇಲೆ ಇದ್ದದ್ದರಿಂದ ಆ ಹೊತ್ತು ಇಷ್ಟು ಸರಿಯಾಗಿ ನೆನಪಿದೆ. ಒರೆಸಿದ ಮೇಲೂ ಅವಳು ಕಣ್ಣು ಉಜ್ಜುತ್ತಲೇ ಇದ್ದಳು.

ಮರುದಿನ ಶಾಲೆ ಶುರುವಾಗುವುದಿತ್ತು. ಕೂಸು ಎರಡನೇ ಕ್ಲಾಸಿಗೆ. ಕೊಟ್ಟಿಗೆಹಾರದ ಹತ್ತಿರ ಇರುವ ಅಕ್ಕನ ಮನೆಗೆ ನಾನು ರಜೆಗೆಂದು ಹೋಗಿದ್ದೆ. ಅವತ್ತು ಪುಸ್ತಕಕ್ಕೆ ಬೈಂಡ್ ಹಾಕುವುದು, ಯೂನಿಫಾರ್ಮಿಗೆ ಇಸ್ತ್ರಿ ಹಾಕುವುದು ನನ್ನ ಪಾಲಿನ ಕೆಲಸ. ಬೆಳಿಗ್ಗೆ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಸೂಚನೆ ಬಂದಿತ್ತು: ಉಗುರು ಕತ್ತರಿಸಿ ಕಳಿಸಿ, ಕುದಿಸಿ ಆರಿಸಿದ ನೀರು ಕೊಡಿ, ಜ್ವರವಿದ್ದರೆ ಮನೆಯಲ್ಲೇ ಇರಿಸಿಕೊಳ್ಳಿ, ತಲೆಯಲ್ಲಿ ಹೇನಿಲ್ಲದಂತೆ ನೋಡಿಕೊಳ್ಳಿ. ಅಕ್ಕ ಕೊನೆಯ ಮಾತನ್ನು ಗಟ್ಟಿಯಾಗಿ ಓದಿ, ಮೊಬೈಲನ್ನು ಮೇಜಿನ ಮೇಲೆ ಮಗುಚಿ ಇಟ್ಟಳು. ಹಿಂದಿನ ವರ್ಷ ಹೇನಿದೆ ಎಂದು ಅವಳ ಮಗಳನ್ನು ಕೊನೆಯ ಬೆಂಚಿನಲ್ಲಿ ಒಬ್ಬಳನ್ನೇ ಕೂರಿಸಿದ್ದರು. ಅದು ಅಕ್ಕನ ಮನಸ್ಸಿನಿಂದ ಹೋಗಿರಲೇ ಇಲ್ಲ. ರಜೆಯುದ್ದಕ್ಕೂ ಸೀರಣಿಗೆಯಿಂದ ಬಾಚಿದರೂ ಸೀರು ಉಳಿದೇ ಇತ್ತು.

ಮಧ್ಯಾಹ್ನ ಅವಳು ಶೆಡ್ಡಿನಿಂದ ಬೋರರ್ ಔಷಧಿ ತಂದಳು. ಕಾಫಿ ಗಿಡದ ಕಾಂಡ ಕೊರೆಯುವ ಹುಳಕ್ಕೆ ಹೊಡೆಯುವ ವಿಷ ಅದು. ಅದನ್ನು ಕೊಬ್ಬರಿ ಎಣ್ಣೆಗೆ ಬೆರೆಸಿ, ಮಗಳ ತಲೆಗೆ ಚೆನ್ನಾಗಿ ತಿಕ್ಕಿ, ಹಳೇ ಪಂಚೆಯ ತುಂಡನ್ನು ಬಿಗಿಯಾಗಿ ಕಟ್ಟಿದಳು. ನಾನು ಒಳಗೆ ಇಸ್ತ್ರಿ ಹಾಕುತ್ತಿದ್ದೆ. ವಾಸನೆ ಬರಲಿಲ್ಲವೇ ಎಂದು ಆಮೇಲೆ ಹಲವರು ಕೇಳಿದರು. ಬಂತು. ಆದರೆ ತೋಟಕ್ಕೆ ಔಷಧಿ ಹೊಡೆಯುವ ಆ ಕಾಲದಲ್ಲಿ ಅದು ಎಲ್ಲ ಕಡೆಯಿಂದಲೂ ಬರುತ್ತದೆ. ಭಾವ ಎಸ್ಟೇಟಿನಲ್ಲಿ ರೈಟರ್, ಆಳುಗಳ ಕೆಲಸ ನೋಡಿಕೊಂಡು ಲೆಕ್ಕ ಬರೆಯುವವರು. ಅವರ ಅಂಗಿ, ಚಪ್ಪಲಿ, ಬೈಕಿನ ಸೀಟು, ಎಲ್ಲಕ್ಕೂ ಅದೇ ವಾಸನೆ.

ಕಣ್ಣು ಉಜ್ಜುತ್ತಿದ್ದವಳ ಬಾಯಿಂದ ಜೊಲ್ಲು ಇಳಿಯತೊಡಗಿತು. ನಾವು ನೋಡುತ್ತಿದ್ದಂತೆ ಅಂಗಿಯ ಎದೆಯ ಭಾಗ ಒದ್ದೆಯಾಯಿತು. ಬೆವರಿದಳು, ವಾಂತಿ ಮಾಡಿದಳು, ತೊಡೆ ತಾನಾಗಿಯೇ ಅದುರುತ್ತಿತ್ತು. ಭಾವ ಓಡಿಹೋಗಿ ಪಕ್ಕದ ಮನೆಯ ಜೀಪು ತರಿಸಿದರು.

ಜೀಪಿನವರು ಗೇರ್ ಹಾಕುತ್ತಾ, "ಹಲಸಿನ ಹಣ್ಣು ತಿಂದು ಮೇಲಿಂದ ನೀರು ಕುಡ್ದಿರ್ಬೇಕು, ಅದೇ ಇದು" ಅಂದರು.

"ಬೆಳಿಗ್ಗೆಯಿಂದ ಹಲಸೇ ತಿಂದದ್ದು" ಅಂದಳು ಅಕ್ಕ. "ಬೇಡ ಅಂದ್ರೆ ಕೇಳ್ಬೇಕಲ್ಲ."

"ನೀನೇ ಬಿಡಿಸಿ ಬಿಡಿಸಿ ಕೊಟ್ಟದ್ದು" ಅಂದರು ಭಾವ.

ಮೂಡಿಗೆರೆ ಮುಟ್ಟುವವರೆಗೂ ಮಾತು ಹಲಸಿನದೇ. ಆ ಬಟ್ಟೆ ಮಗುವಿನ ತಲೆಯ ಮೇಲೇ ಇತ್ತು. ಜೀಪು ಕುಲುಕಿದಾಗ ಜಾರಿದ್ದನ್ನು ಅಕ್ಕ ಒಮ್ಮೆ ಸರಿಮಾಡಿ ಮತ್ತೆ ಬಿಗಿದಳು. ಈಗಲೂ ಏನೋ ಕೆಲಸ ಮಾಡುತ್ತಿರುವಾಗ ನನಗೆ ಆ ಕೈ ಕಾಣುತ್ತದೆ. ಗಂಟು ಬಿಚ್ಚಬೇಕಾಗಿದ್ದ ಕೈ ಅದನ್ನು ಬಿಗಿಯುತ್ತಿರುತ್ತದೆ. ನಾನು ಬಿ.ಎಸ್ಸಿ. ಓದಿದವಳು, ಎದುರಿಗೇ ಕೂತಿದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣಿಗೆ ಟಾರ್ಚ್ ಬಿಟ್ಟರು. ಕಣ್ಣಿನ ಪಾಪೆ ಸಾಸಿವೆ ಕಾಳಿಗಿಂತ ಚಿಕ್ಕದಾಗಿತ್ತು.

"ತಲೆಗೆ ಎಂತ ಕಟ್ಟಿದ್ದೀರಿ?"

"ಹೇನಿಗೆ ಹಚ್ಚಿದ್ದು ಸಾರ್. ಬೋರರ್ ಔಷಧಿ" ಅಂದಳು ಅಕ್ಕ. ಡಾಕ್ಟರ ಮುಖ ನೋಡಿ, "ಹೊಟ್ಟೆಗೆ ಏನೂ ಕೊಟ್ಟಿಲ್ಲ ಸಾರ್, ಬರೀ ತಲೆಗೆ" ಎಂದು ಸೇರಿಸಿದಳು.

ಅವರು ಕೂಡಲೇ ಕತ್ತರಿ ತರಿಸಿದರು. ಬಟ್ಟೆ ಕತ್ತರಿಸಿ ತೆಗೆದರು. ಇಂಜೆಕ್ಷನ್ ಕೊಡುತ್ತಲೇ ಕೂದಲನ್ನು ಬುಡದವರೆಗೆ ಕತ್ತರಿಸಿ, ತಲೆ ಮೈ ಎಲ್ಲ ಸೋಪು ಹಾಕಿ ಮತ್ತೆ ಮತ್ತೆ ತೊಳೆಸಿದರು. ಆಂಬುಲೆನ್ಸಿನಲ್ಲಿ ಚಿಕ್ಕಮಗಳೂರಿಗೆ ಕಳಿಸುವ ಮುಂಚೆ ನನ್ನೊಡನೆ ಮಾತ್ರ ಹೇಳಿದರು: "ಚರ್ಮದಿಂದಲೇ ಒಳಗೆ ಹೋಗ್ತದಮ್ಮ. ಬಟ್ಟೆ ಕಟ್ಟಿದ್ರೆ ಇನ್ನೂ ಬೇಗ. ಬರೋದು ಸ್ವಲ್ಪ ತಡ ಆಗಿದ್ರೆ ಉಸಿರಾಟ ನಿಂತು ಹೋಗ್ತಿತ್ತು."

ಅವಳು ಉಳಿದಳು. ಮನೆಗೆ ಕಳಿಸುವಾಗ ಅಲ್ಲಿನವರು, ಕೆಲವು ದಿನ ಉಸಿರಾಟದ ಮೇಲೆ ಕಣ್ಣಿಡಿ, ಕುತ್ತಿಗೆ ಎತ್ತಲು ಕಷ್ಟಪಟ್ಟರೆ ಕೂಡಲೇ ಕರೆತನ್ನಿ ಅಂದರು. ಆ ಮಾತು ಮನೆಯಲ್ಲಿ ಯಾರನ್ನೂ ಮಲಗಗೊಡಲಿಲ್ಲ. ನಾಲ್ವರೂ ಹಾಲಿನಲ್ಲಿ ಸಾಲಾಗಿ ಹಾಸಿಕೊಂಡೆವು. ಅಕ್ಕ ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ನೋಡುವಳು. ಅವಳು ಕೈ ತೆಗೆದ ಮೇಲೆ ಭಾವ. ಆಮೇಲೆ ನಾನು. ಹಗಲಲ್ಲಿ ನಾನು ಮೂರು ಸಲ ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತಿದ್ದೆ. ಶೆಡ್ಡಿಗೆ ಭಾವ ಬೀಗ ಹಾಕಿದ್ದರು. ಆದರೂ ಹೋಗಿ ಜಗ್ಗಿ ನೋಡಿ ಬರುತ್ತಿದ್ದೆ.

ಕೂಸು ಮಾತ್ರ ಬೋಳು ತಲೆ ಸವರಿಕೊಂಡು, "ಈಗ ಹೇನೆಲ್ಲ ಎಲ್ಲಿಗೆ ಹೋದ್ವು?" ಎಂದು ಕೇಳಿತು.

"ಚಿಕ್ಕಿ ತಲೆಗೆ ಟ್ರಾನ್ಸ್‌ಫರ್ ಆಯ್ತು" ಅಂದರು ಭಾವ. ಅಕ್ಕನಿಗೆ ನಗು ಬರಲಿಲ್ಲ.

ಜೀಪಿನವರ ಹೆಂಡತಿ ಬಂದು, "ಯಾರು ಕೇಳಿದ್ರೂ ಹಲಸಿನ ಹಣ್ಣು ಅಂತ್ಲೇ ಹೇಳು ಮಾರಾಯ್ತಿ, ಹೇನಿನ ಸುದ್ದಿ ಎತ್ಬೇಡ" ಎಂದು ಬುದ್ಧಿ ಹೇಳಿ ಹೋದರು. ಅಕ್ಕ ತಲೆಯಾಡಿಸಿದಳು. ಅವರು ಗೇಟು ದಾಟಿದ ಮೇಲೆ ಮೊಬೈಲ್ ಎತ್ತಿಕೊಂಡು, ಶಾಲೆಯ ಗುಂಪಿಗೆ ತನ್ನ ಧ್ವನಿಯಲ್ಲೇ ಹೇಳಿ ಕಳಿಸಿದಳು. ನನ್ನ ಮಗಳ ತಲೆಯಲ್ಲಿ ಹೇನಿತ್ತು, ನಾನು ತೋಟದ ಔಷಧಿ ಹಚ್ಚಿದೆ, ಅವಳು ಸಾಯುವುದರಲ್ಲಿದ್ದಳು. ಕೂದಲು ಒದ್ದೆ ಮಾಡಿ ಸೀರಣಿಗೆಯಿಂದ ದಿನ ಬಿಟ್ಟು ದಿನ ಬಾಚಿ, ಆಸ್ಪತ್ರೆಯಲ್ಲಿ ಕೇಳಿ ಹೇನಿನ ಮದ್ದು ತನ್ನಿ, ಬೇರೆ ಏನನ್ನೂ ಹಚ್ಚಬೇಡಿ. ಇಷ್ಟೇ ಹೇಳಿದ್ದು. ಆಮೇಲೆ ಹೋಗಿ ಅಕ್ಕಿ ತೊಳೆದಳು.

ಒಬ್ಬ ತಾಯಿ ಫೋನ್ ಮಾಡಿದಳು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿತು. "ಅಕ್ಕ, ನಾವು ಇವತ್ತು ಹಚ್ಚುವಾ ಅಂತ ಇದ್ವಿ. ಬೋರರ್ ಔಷಧಿ ಅಲ್ಲ, ನಾಯಿ ಉಣ್ಣಿಗೆ ಹಾಕೋದು. ಅದೂ ಬೇಡವಾ?"

"ಅದೂ ಬೇಡ" ಅಂದ ಅಕ್ಕ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಕೂಸು ಟೋಪಿ ಹಾಕಿಕೊಂಡು ಶಾಲೆಗೆ ಹೋಗತೊಡಗಿದ ಮೇಲೂ ರಾತ್ರಿ ಬೆರಳಿಟ್ಟು ನೋಡುವುದು ನಿಲ್ಲಲಿಲ್ಲ. ನನ್ನ ರಜೆ ಮುಗಿದಿತ್ತು. ಇನ್ನೂ ನಾಲ್ಕು ದಿನ ಕೇಳಿ ಪಡೆದೆ.

ಒಂದು ಗುರುವಾರ ಗೇಟಿನಲ್ಲಿ ಶಾಲೆಯ ವ್ಯಾನಿನ ಹಾರ್ನ್ ಕೇಳಿ ಎಚ್ಚರವಾಯಿತು. ಕಿಟಕಿಯಿಂದ ಬಿಸಿಲು ಬಂದು ಹಾಸಿಗೆಯ ಮೇಲೆ ಬಿದ್ದಿತ್ತು. ಅಕ್ಕನೂ ಭಾವನೂ ಮಲಗಿದ್ದಲ್ಲೇ ಇದ್ದರು. ಕೂಸಿನ ಹಾಸಿಗೆ ಖಾಲಿ. ಎದ್ದು ಹೊರಗೆ ಓಡಿದೆ. ನೋಡಿದರೆ ಜಗಲಿಯಲ್ಲಿ ಕೂತು ಡಬ್ಬಿಯಿಂದ ಬಿಸ್ಕತ್ತು ತಿನ್ನುತ್ತಿದ್ದಳು.

"ಎಬ್ಬಿಸ್ಬಾರ್ದಾ?"

"ನಾನು ಬೆಳಿಗ್ಗೆಯೇ ಎದ್ದೆ. ಮೂರು ಜನರ ಮೂಗಿಗೂ ಬೆರಳಿಟ್ಟು ನೋಡ್ದೆ. ಉಸಿರಾಡ್ತಾ ಇದ್ರಿ" ಅಂದಳು. "ಅದಕ್ಕೆ ಎಬ್ಬಿಸ್ಲಿಲ್ಲ."

ಅಷ್ಟರಲ್ಲಿ ವ್ಯಾನು ಹೋಗಿಯಾಗಿತ್ತು. ಭಾವ ಮುಖ ಕೂಡ ತೊಳೆಯದೆ ಬೈಕು ತೆಗೆದರು.