ಒಂದೇ ಮರದ ಮಕ್ಕಳು

ದಿನಾ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿದ ಮೇಲೆ ವನಜಾಕ್ಷಿ ಕಾಫಿಯನ್ನೂ ಕುಡಿಯದೆ ಲಾರಿಯ ಹಿಂಬದಿ ಹತ್ತುತ್ತಾಳೆ. ಹಲಗೆಗಳ ಮೇಲೆ ಮೊಣಕಾಲೂರಿ, ಮೂಲೆಮೂಲೆಗೂ ಅಂಗೈ ಒತ್ತಿ, ತೇವ ಇದೆಯೇ ಎಂದು ನೋಡುತ್ತಾಳೆ. ತಿಂಗಳಿಂದ ಆ ಲಾರಿಗೆ ಒಂದು ಚೀಲವೂ ಬಿದ್ದಿಲ್ಲ. ಹಲಗೆ ಒಣಗಿ ಸೀಳು ಬಿಟ್ಟಿದೆ. ಆದರೂ ಅಂಗೈ ಒತ್ತುವುದು ತಪ್ಪಿಲ್ಲ.

ಲಾರಿ ಅವಳ ಗಂಡ ಗಂಗಾಧರನದು. ಹಳ್ಳಿಗಳಿಂದ ತಿಪಟೂರಿನ ಮಂಡಿಗೆ ಕೊಬ್ಬರಿ ತರುತ್ತಿದ್ದ. ಎಲ್ಲರಂತೆ ಅವನೂ ಎರಡು ಲಾರಿಯ ಭಾರವನ್ನು ಒಂದಕ್ಕೇ ಹೇರುತ್ತಿದ್ದ. ಚಿಕ್ಕನಾಯಕನಹಳ್ಳಿ ಕಡೆಯ ಇಳಿಜಾರಿನಲ್ಲಿ ಒಂದು ದಿನ ಬ್ರೇಕ್ ಹಿಡಿಯಲಿಲ್ಲ. ಅವನನ್ನು ಮಣ್ಣು ಮಾಡಿ ಬಂದವಳು ಲಾರಿ ಮಾರದೆ ರಿಪೇರಿ ಮಾಡಿಸಿ, ಡ್ರೈವರ್ ಇಟ್ಟುಕೊಂಡಳು. ಲಾರಿ ತಡೆಯುವಷ್ಟೇ ಭಾರ, ಬೆನ್ನು ಮುರಿಯದಂಥ ಸಣ್ಣ ಚೀಲ, ಭಾನುವಾರ ಹಮಾಲರಿಗೆ ರಜೆ ಎಂದಳು. ಮಂಡಿಯವರು 'ಅರೆಹೊಟ್ಟೆ ಲಾರಿ' ಎಂದು ಹೆಸರಿಟ್ಟರು. ನಗುತ್ತಲೇ ಮಾಲನ್ನೂ ಕೊಟ್ಟರು. ಅವಳ ಲಾರಿಯಲ್ಲಿ ಕೊಬ್ಬರಿ ಒಡೆಯುತ್ತಿರಲಿಲ್ಲ.

ಹಳ್ಳಿಗೆ ಹೋಗುವಾಗ ಲಾರಿ ಖಾಲಿ ಓಡುವುದು ಅವಳಿಗೆ ಚುಚ್ಚುತ್ತಿತ್ತು. ಸುಮ್ಮನೆ ಹೊಗೆ ಬಿಟ್ಟುಕೊಂಡು ಹೋಗುವುದೇಕೆ? ನಾರಿನ ಕಾರ್ಖಾನೆಯ ಹಿಂದೆ ಕೊಳೆಯುತ್ತಿದ್ದ ತೆಂಗಿನ ಸಿಪ್ಪೆಯ ಹುಡಿಯನ್ನು ದಬ್ಬೇಘಟ್ಟದ ತೋಟಗಳಿಗೆ ಗೊಬ್ಬರವಾಗಿ ಒಯ್ದು, ಬರುವಾಗ ಕೊಬ್ಬರಿ ತರತೊಡಗಿದಳು. ಮರದ್ದು ಮರದ ಬುಡಕ್ಕೇ ಹೋಗುತ್ತದಲ್ಲ ಎಂಬ ಸಮಾಧಾನ.

ಜಡಿಮಳೆಯ ಒಂದು ಶನಿವಾರ ನೆನೆದ ಹುಡಿ ಇಳಿಸಿದ ಮೇಲೆ, ಕೊಬ್ಬರಿ ತುಂಬಬೇಕಿದ್ದ ಮುದುಕ ಹಮಾಲ ಕೆಂಪಯ್ಯ ತಡೆದು ನಿಂತ.

"ಗುಡಿಸಿದೀನಿ ಕಣವ್ವ. ಹಲಗೆ ಯಾಕೋ ತಣ್ಣಗದೆ."

"ತುಂಬು ಬುಡು ಕೆಂಪಯ್ಯ. ಸಿಪ್ಪೆ, ಕೊಬ್ಬರಿ ಒಂದೇ ಮರದ ಮಕ್ಳು. ಜಗಳ ಆಡ್ತಾವಾ?"

ಮರುದಿನ ಹಮಾಲರ ರಜೆ. ಅದರ ಬೆನ್ನಿಗೇ ಹಬ್ಬ, ಮಂಡಿ ಬಂದ್. ಚೀಲಗಳು ಟಾರ್ಪಾಲಿನ ಕೆಳಗೇ ಉಳಿದವು. ಹುಡಿಯ ನೀರನ್ನು ಹಲಗೆ ಕುಡಿದಿತ್ತು, ಹಲಗೆಯ ನೀರನ್ನು ಕೊಬ್ಬರಿ ಕುಡಿಯಿತು. ಬಿಚ್ಚಿದಾಗ ಎಲ್ಲಕ್ಕೂ ಹಸಿರು ಬೂಷ್ಟು.

ಅಂದಿನಿಂದ ಅವಳಿಗೆ ಯಾರೂ ಮಾಲು ಕೊಟ್ಟಿಲ್ಲ. ಈಗ ಲಾರಿ ಮಾರುವುದೊಂದೇ ದಾರಿ. ಕೊಳ್ಳಲು ಬಂದವನು, "ಬಾಡಿ ಎತ್ತರಿಸಿದ್ರೆ ಡಬಲ್ ಲೋಡ್ ಹಿಡೀತದೆ" ಎಂದಾಗ ಅವಳು ಒಳಗೆ ಹೋಗಿ ದೇವರ ಮುಂದೆ ಕೂತುಬಿಟ್ಟಳು. ಏನೂ ಬೇಡಿಕೊಳ್ಳಲು ತೋಚಲಿಲ್ಲ.

ನಿನ್ನೆ ಕೊಬ್ಬರಿ ವರ್ತಕ ಶಂಭುಲಿಂಗಯ್ಯ ತಾವೇ ಮನೆಗೆ ಬಂದರು. ಗಂಗಾಧರನ ಮೇಲೆ ಅವರಿಗೆ ಪ್ರೀತಿಯಿತ್ತು.

"ನೋಡವ್ವ, ಮಂಡೀಲಿ ನಾನೇ ಹೇಳ್ತೀನಿ. ತಪ್ಪು ಕೆಂಪಯ್ಯಂದು, ಒದ್ದೆ ಹಲಗೆ ಮೇಲೆ ಚೀಲ ಹಾಕ್ದ, ಅವನ್ನ ಕೆಲಸದಿಂದ ಬುಡ್ಸಿದಾಳೆ ಅಂತ. ನನ್ನ ಮಾತು ಯಾರೂ ತೆಗೆದಾಕಲ್ಲ. ಸೋಮವಾರ ನನ್ನ ಮಾಲೇ ಮೊದಲು ತುಂಬ್ಕೋ."

ಲಾರಿಯ ನೆರಳಲ್ಲಿ ಕೂತಿದ್ದ ಕೆಂಪಯ್ಯ ತಲೆಯೆತ್ತಿದ. "ಹೂಂ ಅನ್ನವ್ವ. ನಂಗಿರೋದೇ ನಾಕು ಹಲ್ಲು. ಗಂಜಿ ಕುಡ್ಕಂಡು ಬಿದ್ದಿರ್ತೀನಿ."

"ಅವನೇ ಒಪ್ಕಂಡವ್ನೆ, ಇನ್ನೇನವ್ವ?"

ಆ ಮಾತು ಒಮ್ಮೆ ಮಂಡಿಯಲ್ಲಿ ಬಿದ್ದರೆ ಮತ್ತೆ ಯಾರೂ ಕೆಂಪಯ್ಯನನ್ನು ಕೆಲಸಕ್ಕೆ ಕರೆಯುವುದಿಲ್ಲ. ಅದು ಮೂವರಿಗೂ ಗೊತ್ತಿತ್ತು. ವನಜಾಕ್ಷಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ತುಂಬು ಅಂದೋಳು ನಾನು ಕಣ್ರೀ. ಅವನ ಬೆನ್ನಿಗೆ ಹೆಚ್ಗೆ ಭಾರ ಬೀಳಬಾರ್ದು ಅಂತ್ಲೇ ಇಷ್ಟು ದಿನ ಅರೆಹೊಟ್ಟೆ ಅಂತ ಅನ್ನಿಸ್ಕಂಡಿದ್ದು. ಇದೂ ಭಾರನೇ. ಹಂಗೆ ಹೇಳ್ಬ್ಯಾಡಿ."